ಕಂಬವಿಲ್ಲದ ಮನೆಯ ಪರವಾಗಿ

ಸಾಗರ ತಾಲೂಕಿನ ಒಂದು ಗುಡ್ಡದ ಮಗ್ಗುಲಲ್ಲಿ, ವಿದ್ಯುತ್ ಕಂಬ ಬಾರದ ಜಾಗದಲ್ಲಿ, ನಾನೂ ನನ್ನ ಹೆಂಡತಿಯೂ ಒಂದಂಕಣದ ಮನೆ ಕಟ್ಟಿಕೊಂಡು ಇದ್ದೇವೆ. ಉದ್ದ ಹದಿನೆಂಟಡಿ, ಅಗಲ ಹನ್ನೆರಡಡಿ. ಮೇಲೊಂದು ಅಟ್ಟ, ಹಿಂದೆ ಬಚ್ಚಲು. ಇಷ್ಟು ಪುಟ್ಟ ಮನೆಯ ಮೇಲೆ ನೆಂಟರಿಷ್ಟರು ಎತ್ತಿದ ಆಕ್ಷೇಪಗಳನ್ನು ಪೇರಿಸಿಟ್ಟರೆ ಅಟ್ಟ ಸಾಲದು. ಕೆಲವಕ್ಕೆ ನಕ್ಕು ಸುಮ್ಮನಾಗಿದ್ದೇನೆ. ಉಳಿದವಕ್ಕೆ ಇಲ್ಲಿ ಉತ್ತರ.

‘ಇದೇನು, ಅರ್ಧ ಸನ್ಯಾಸವೋ?’ ಎನ್ನುವವರು ಒಳಗೆ ಕಾಲಿಟ್ಟು ನೋಡಿದವರಲ್ಲ. ಫ್ಯಾನ್ ಇದೆ, ಮಿಕ್ಸಿ ಇದೆ, ಲ್ಯಾಪ್‌ಟಾಪ್ ಇದೆ, ಹಂಡೆಯಲ್ಲಿ ಬಿಸಿನೀರಿದೆ. ಫ್ರಿಜ್ ಇಲ್ಲ; ಅದರೊಳಗೆ ಮರೆತುಹೋಗುವ ಮೊನ್ನೆಯ ಸಾರೂ ಇಲ್ಲ. ಇಷ್ಟು ಸೌಕರ್ಯದಲ್ಲಿ ಸನ್ಯಾಸ ಸಿಗುವುದಾದರೆ ಎಂದೋ ತೆಗೆದುಕೊಳ್ಳುತ್ತಿದ್ದೆ.

‘ಸರ್ಕಾರವೇ ಪುಕ್ಕಟೆ ಕರೆಂಟು ಕೊಡುತ್ತಿದೆಯಲ್ಲ’ ಎಂಬುದು ನನ್ನ ಭಾವನ ಮಾತು. ನಿಜ, 2023ರ ಜುಲೈಯಿಂದ ಗೃಹಜ್ಯೋತಿ ಇದೆ, ತಿಂಗಳಿಗೆ 200 ಯೂನಿಟ್ ಅದರ ಮೇಲ್ಮಿತಿ. ಒಳ್ಳೆಯ ಯೋಜನೆ. ಆದರೆ ಭಾವ, ಪುಕ್ಕಟೆಯಾಗಿರುವುದು ಬಿಲ್ಲು ಮಾತ್ರ. ಕಾಡಿನ ನಡುವೆ ಲೈನ್ ಎಳೆಯಬೇಕಾದರೆ ಕಂಬ ನೆಡಬೇಕು, ಮರ ಸವರಬೇಕು, ಅನುಮತಿಗೆ ಅಲೆಯಬೇಕು. ಎಳೆದಾದ ಮೇಲೂ ಆಷಾಢದ ಗಾಳಿಗೆ ಒಂದು ಕೊಂಬೆ ಬಿದ್ದರೆ ಸಾಕು, ಕತ್ತಲು. ಉಂಬಳ ಕಚ್ಚಿಸಿಕೊಂಡು ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗೆ ನಮ್ಮದೊಂದು ಮನೆ ಕಡಿಮೆಯಾದರೆ ಅಷ್ಟರಮಟ್ಟಿಗೆ ಉಪಕಾರವೇ.

ಇದರ ಬೆನ್ನಿಗೇ ಬರುವ ಪ್ರಶ್ನೆ: ‘ಮಳೆಗಾಲದಲ್ಲಿ ಸೂರ್ಯನ ಮುಖವೇ ಕಾಣದ ಊರಿನಲ್ಲಿ ಸೋಲಾರ್ ನಂಬಿ ಕೂರುವುದು ಹೇಗೆ?’ ಸೋಲಾರ್ ಒಂದನ್ನೇ ನಂಬಿ ಕೂತವರಿಗೆ ಈ ಪ್ರಶ್ನೆ ಸರಿಯಾಗಿಯೇ ತಾಗುತ್ತದೆ. ಆದರೆ ಮಲೆನಾಡಿನಲ್ಲಿ ಬಿಸಿಲು ಹೋದಾಗ ನೀರು ಬರುತ್ತದೆ. ಮನೆಯ ಮೇಲಿನ ಅಬ್ಬಿಯಿಂದ ಇಪ್ಪತ್ತು ಮೀಟರ್ ಕೆಳಕ್ಕೆ ಪೈಪಿನಲ್ಲಿ ನೀರು ಇಳಿಸಿದ್ದೇವೆ, ಸೆಕೆಂಡಿಗೆ ಸುಮಾರು ಐದು ಲೀಟರ್. ಲೆಕ್ಕದ ಪ್ರಕಾರ ಅದರಲ್ಲಿ ಸಾವಿರ ವಾಟ್‌ನಷ್ಟು ಶಕ್ತಿ ಇದೆ. ಪೈಪಿನ ಉಜ್ಜಾಟ, ಚಕ್ರದ ಸವಕಳಿ ಕಳೆದು ಅರ್ಧ ಕೈಗೆ ಸಿಕ್ಕಿತೆಂದುಕೊಳ್ಳಿ. ಐನೂರು ವಾಟ್ ಎಂದರೆ ಸಣ್ಣದೆನಿಸಬಹುದು. ಆದರೆ ಟರ್ಬೈನ್ ಹಗಲು ರಾತ್ರಿ ತಿರುಗುತ್ತದೆ. ದಿನಕ್ಕೆ 12 ಯೂನಿಟ್, ತಿಂಗಳಿಗೆ 360. ಗೃಹಜ್ಯೋತಿಯ ಮಿತಿಯನ್ನೂ ದಾಟಿತು! ನಾವು ಬಳಸದೆ ಉಳಿದ ಕರೆಂಟನ್ನು ಕಂಟ್ರೋಲರ್ ತಾನಾಗಿಯೇ ನೀರಿನೊಳಗಿನ ಹೀಟರ್‌ಗೆ ತಿರುಗಿಸುತ್ತದೆ, ಇಲ್ಲದಿದ್ದರೆ ಚಕ್ರ ಅಂಕೆಯಿಲ್ಲದೆ ಓಡುತ್ತದೆ. ಸೌದೆ ಒದ್ದೆಯಾಗಿರುವ ಶ್ರಾವಣದಲ್ಲಿ ನಮ್ಮ ಸ್ನಾನದ ನೀರು ಕಾಯುವುದು ಹಾಗೆ.

ಕೆಲಸವಿಲ್ಲವೆಂದು ಹೇಳುತ್ತಿಲ್ಲ. ಜೋರು ಮಳೆಯ ಮರುದಿನ ಬೆಳಿಗ್ಗೆ ಕಂಬಳಿಕೊಪ್ಪೆ ಹಾಕಿಕೊಂಡು ಅಬ್ಬಿಗೆ ಹತ್ತಬೇಕು. ಪೈಪಿನ ಬಾಯಿಗೆ ಕಟ್ಟಿದ ಜಾಲರಿಗೆ ದರಗು, ಕೊಳೆತ ಕಡ್ಡಿ, ಒಮ್ಮೊಮ್ಮೆ ಏಡಿ ಮೆತ್ತಿಕೊಂಡಿರುತ್ತದೆ. ಬೆರಳು ಮರಗಟ್ಟುವ ನೀರಿನಲ್ಲಿ ಕೈಯಿಟ್ಟು ಅದನ್ನು ಕಿತ್ತೆಸೆದ ಕ್ಷಣ ಕೆಳಗೆ ಚಕ್ರದ ಸದ್ದು ಏರುವುದು ಕೇಳಿಸುತ್ತದೆ. ಡಿಸೆಂಬರ್ ಕಳೆದು ಹರಿವು ಸೊರಗಿದಾಗ ಹಂಚಿನ ಮೇಲಿನ ಪ್ಯಾನೆಲ್‌ಗೆ ಸರದಿ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1.8 ಯೂನಿಟ್ ಹಿಡಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಬಸಿದರೆ ಅದರ ಆಯಸ್ಸು ಕುಗ್ಗುತ್ತದೆ. ಐದು ಎಲ್‌ಇಡಿ ಬಲ್ಬು, 28 ವಾಟ್‌ನ ಫ್ಯಾನ್, ಹತ್ತು ನಿಮಿಷದ ಚಟ್ನಿ ರುಬ್ಬಾಟ, ಲ್ಯಾಪ್‌ಟಾಪ್ ಎಲ್ಲ ಆ ಅರ್ಧದೊಳಗೇ ಮುಗಿಯುತ್ತವೆ. ಮನೆ ಚಿಕ್ಕದಿದ್ದರಿಂದ ಇದು ಸಾಧ್ಯ. ಎಂಟು ಕೋಣೆಯ ಮನೆಗೆ ಇದೇ ಬ್ಯಾಟರಿ ಹಚ್ಚಿ ಸೋಲಾರ್ ಉಪಯೋಗವಿಲ್ಲ ಎಂದು ಬಯ್ಯುವವರನ್ನು ನೋಡಿದ್ದೇನೆ.

‘ಸ್ವಾವಲಂಬನೆ ಎನ್ನುತ್ತೀರಿ, ಪ್ಯಾನೆಲ್ ಬಂದದ್ದು ಫ್ಯಾಕ್ಟರಿಯಿಂದ, ಅಕ್ಕಿ ಬರುವುದು ಪೇಟೆಯಿಂದ.’ ಓದಿಕೊಂಡ ಸ್ನೇಹಿತರು ಇದಕ್ಕೆ ಅಮೆರಿಕದ ಲೇಖಕ ಥೋರೋವನ್ನೂ ಸೇರಿಸುತ್ತಾರೆ: 1845ರಲ್ಲಿ ಗೆಳೆಯ ಎಮರ್ಸನ್‌ನ ಜಾಗದಲ್ಲಿ, ವಾಲ್ಡನ್ ಕೊಳದ ದಂಡೆಯಲ್ಲಿ, ಹತ್ತಡಿ ಹದಿನೈದಡಿಯ ಗುಡಿಸಲು ಕಟ್ಟಿದವನು ಬಟ್ಟೆ ಒಗೆಸಿಕೊಂಡದ್ದು ಮನೆಯವರ ಕೈಲಿ ಎಂದು. ಆದರೆ ತನ್ನ ಬಟ್ಟೆಯ ಒಗೆತ, ಹೊಲಿಗೆ ಬಹುಪಾಲು ಹೊರಗೇ ಆಗುತ್ತಿತ್ತೆಂದು ಅವನೇ ತನ್ನ ಖರ್ಚಿನ ಲೆಕ್ಕದ ನಡುವೆ ಬರೆದಿದ್ದಾನೆ. ಮುಚ್ಚಿಟ್ಟದ್ದನ್ನು ಬಯಲಿಗೆಳೆದೆವೆಂಬ ಖುಷಿ ಪಡಲು ಅಲ್ಲಿ ಮುಚ್ಚಿಟ್ಟದ್ದೇ ಇಲ್ಲ. ಯಾರ ಹಂಗೂ ಇಲ್ಲದೆ ಬದುಕುತ್ತೇನೆಂದು ನಾನೂ ಹೇಳಿಲ್ಲ. ನಮ್ಮ ಮನೆಯ ತೊಲೆ ಏರಿಸಿದ್ದು ಅಕ್ಕಪಕ್ಕದವರ ಮುಯ್ಯಾಳಿನಿಂದ. ಅವರ ಗದ್ದೆಯಲ್ಲಿ ಬಗ್ಗಿ ನಾವು ಅದನ್ನು ತೀರಿಸಿದೆವು. ನಾನು ಹೇಳುವ ಸ್ವಾವಲಂಬನೆ ಇಷ್ಟೇ: ನೀರು, ಬೆಳಕು, ಬೆಂಕಿ ಎಲ್ಲಿಂದ ಬರುತ್ತವೆ, ಎಷ್ಟು ಬರುತ್ತವೆ ಎಂದು ಗೊತ್ತಿರಬೇಕು, ಕೆಟ್ಟರೆ ಸ್ಪ್ಯಾನರ್ ಹಿಡಿದು ಬಿಚ್ಚಲು ಬರಬೇಕು.

ನನ್ನ ತಂಗಿಯ ಆಕ್ಷೇಪ ಎಲ್ಲಕ್ಕಿಂತ ಹರಿತ. ‘ಅಣ್ಣ, ನಿನ್ನ ಸ್ವಾವಲಂಬನೆಗೆ ಹೊಗೆ ಕುಡಿಯುವವಳು ಅತ್ತಿಗೆ ತಾನೆ?’ ಇಂಥ ಎಷ್ಟೋ ಮನೆಗಳಲ್ಲಿ ಅವಳ ಮಾತು ಸತ್ಯ. ನೀರು ಹೊರುವುದು, ಸೌದೆ ತರುವುದು ಹೆಂಗಸರ ಪಾಲಿಗೆ ಬಿದ್ದರೆ ಅದು ಗಂಡಸಿನ ಹವ್ಯಾಸ, ಹೆಂಗಸಿನ ಜೀತ. ಹಾಗಾಗಿ ನಮ್ಮಲ್ಲಿ ಗೋಡೆ ಏಳುವ ಮೊದಲೇ ನೀರು ಒಳಗೆ ಬಂತು. ಅಬ್ಬಿ ನೀರು ಪಂಪಿಲ್ಲದೆ ಅಡುಗೆಮನೆಯ ನಲ್ಲಿಗೂ ಬಚ್ಚಲಿಗೂ ಇಳಿಯುತ್ತದೆ. ಒಲೆ ಚಿಮಣಿ ಇರುವ ಅಸ್ತ್ರ ಒಲೆ; ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಘಟಕ ರೂಪಿಸಿದ್ದು. ಗ್ಯಾಸ್ ಸಿಲಿಂಡರೂ ಇದೆ, ಅದಕ್ಕೇನೂ ನಾಚಿಕೆಯಿಲ್ಲ. ಜಾಲರಿ ಬಿಡಿಸುವುದು, ಸೌದೆ ಸೀಳುವುದು ನನ್ನ ಕೆಲಸ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವುದು ಅವಳದು, ಏಕೆಂದರೆ ನನಗೆ ಮರೆವು.

ಇನ್ನು ‘ಇದು ಹೊಟ್ಟೆ ತುಂಬಿದವರ ಷೋಕಿ’ ಎಂಬ ಮಾತು. ಶರಾವತಿ ಹಿನ್ನೀರಿನ ಕರೂರು, ಬಾರಂಗಿ ಹೋಬಳಿಯವರ ಎದುರು ನಿಂತು ಇದಕ್ಕೆ ಉತ್ತರಿಸಬೇಕಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ನಾಡಿಗೆಲ್ಲ ಬೆಳಕು ಕೊಟ್ಟಿತು. ಊರು, ಗದ್ದೆ ಮುಳುಗಿಸಿಕೊಂಡವರ ಎಷ್ಟೋ ಮನೆಗಳಿಗೆ ಲೈನ್ ಬರಲು ದಶಕಗಳೇ ಹಿಡಿದವು. ನಾನು ಬೇಡವೆಂದು ಬಿಟ್ಟದ್ದಕ್ಕೂ ಅವರಿಗೆ ಕೊಡದೇ ಇದ್ದದ್ದಕ್ಕೂ ಅಜಗಜಾಂತರ. ‘ನೋಡಿ, ಕಂಬವಿಲ್ಲದೆಯೂ ಸುಖವಾಗಿದ್ದಾರಲ್ಲ’ ಎಂದು ನಮ್ಮ ಮನೆ ತೋರಿಸಿ ಯಾವುದಾದರೂ ಹಾಡಿಗೆ ಲೈನ್ ತಪ್ಪಿಸಿದರೆ ಮೊದಲು ತಕರಾರು ಅರ್ಜಿ ಬರೆಯುವವನು ನಾನೇ. ಕರೆಂಟು ಅವರ ಹಕ್ಕು. ಬಿಡುವ ಹಕ್ಕೂ ಅದು ಸಿಕ್ಕಿದ ಮೇಲೆಯೇ.

‘ರಾತ್ರಿ ಎದೆನೋವು ಬಂದರೆ?’ ಈ ಪ್ರಶ್ನೆ ಕರೆಂಟಿನದ್ದಲ್ಲ, ರಸ್ತೆಯದ್ದು. ಜೀಪು ಅಂಗಳದವರೆಗೆ ಬರುತ್ತದೆಂದೇ ನಾವು ಈ ಜಾಗ ಹಿಡಿದೆವು. ಬಾರದಿರುವ ಕಡೆ ವಯಸ್ಸಾದವರನ್ನು ಕಟ್ಟಿಕೊಂಡು ಹೋಗುವುದು ತಪ್ಪು. ಇಲ್ಲಿ ನಾನು ಆಕ್ಷೇಪಿಸುವವರ ಪಕ್ಷ.

ಇಷ್ಟಾದ ಮೇಲೂ ಇಂಥ ಮನೆ ಕಟ್ಟುವ ಮನಸ್ಸುಳ್ಳವರು ಆಗಸ್ಟಿನಲ್ಲಿ ಬಂದು ಅಬ್ಬಿಗೆ ಮರುಳಾಗಿ ಜಾಗಕ್ಕೆ ಮುಂಗಡ ಕೊಡಬೇಡಿ. ಏಪ್ರಿಲ್ ಕೊನೆಗೆ ಬನ್ನಿ, ಒಂದು ಬಕೆಟ್, ಒಂದು ಗಡಿಯಾರ ತನ್ನಿ. ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಳ್ಳಿ. ವ್ಯಾಪಾರದ ಮಾತು ಆಮೇಲೆ.