ಪ್ರಳಯದ ಮೇಲಣ ಬೀಜದ ದೋಣಿ

ಮತ್ಸ್ಯಾವತಾರದ ಕಥೆಯನ್ನು ಕೇಳದ ಮನೆ ನಮ್ಮ ನಾಡಿನಲ್ಲಿ ವಿರಳ. ಪ್ರಳಯಜಲವು ಉಕ್ಕಿಬರುವುದಕ್ಕೆ ಮುಂಚೆ ಭಗವಂತನು ಸತ್ಯವ್ರತರಾಜನನ್ನು ಕುರಿತು, ಸಕಲ ಓಷಧಿಗಳನ್ನೂ ಬೀಜಗಳನ್ನೂ ಕೂಡಿಸಿಕೊಂಡು, ಸಪ್ತರ್ಷಿಗಳಿಂದಲೂ ಸರ್ವಪ್ರಾಣಿಗಳಿಂದಲೂ ಸಹಿತನಾಗಿ ದೋಣಿಯನ್ನೇರಬೇಕೆಂದು ಆಜ್ಞಾಪಿಸಿದನೆಂದು ಭಾಗವತವು ಹೇಳುತ್ತದೆ. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಈ ಪ್ರಸಂಗವನ್ನು ಪಾಠ ಹೇಳುತ್ತಿರುವಾಗ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದುನಿಂತು, "ಸ್ವಾಮಿ, ನೀರು ಇಳಿದ ಮೇಲೆ ದೋಣಿಯಿಂದ ಮೊದಲು ಇಳಿದವರು ಯಾರು? ಹುಲ್ಲು ಬೆಳೆಯುವ ಮುಂಚೆಯೇ ಹಸು ಇಳಿದರೆ ಅದು ಏನು ತಿಂದೀತು? ಹೂವು ಅರಳುವ ಮುಂಚೆ ದುಂಬಿ ಇಳಿದರೆ?" ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾನೂ ಮುಂದಿನ ಶ್ಲೋಕವನ್ನು ಓದೆಂದು ಹೇಳಿ ಅವನನ್ನು ಕೂರಿಸಿದೆನು. ನಗಬಾರದ ಪ್ರಶ್ನೆಗೆ ನಕ್ಕೆವೆಂಬುದು ನನಗೆ ತಿಳಿದದ್ದು ಬಹುಕಾಲದ ಮೇಲೆ, ಕ್ರಕಟೋವ ಎಂಬ ದ್ವೀಪದ ವೃತ್ತಾಂತವನ್ನು ಓದಿದಾಗ.

ಜಾವಾ ಸುಮಾತ್ರಾ ದ್ವೀಪಗಳ ನಡುವಣ ಸುಂದಾ ಜಲಸಂಧಿಯಲ್ಲಿ ಈ ಅಗ್ನಿಪರ್ವತವಿದೆ. 1883ನೆಯ ಇಸವಿ ಮೇ ತಿಂಗಳಿನಿಂದ ಹೊಗೆಯಾಡುತ್ತಿದ್ದ ಈ ಪರ್ವತವು ಆಗಸ್ಟ್ 27ರ ಬೆಳಿಗ್ಗೆ ಭಯಂಕರವಾಗಿ ಸಿಡಿಯಿತು. ಆ ಶಬ್ದವು ಹಿಂದೂ ಮಹಾಸಾಗರದ ಆಚೆಯ ಅಂಚಿಗೆ, ಸುಮಾರು 3,000 ಮೈಲಿ ದೂರದ ರಾಡ್ರಿಗ್ಸ್ ದ್ವೀಪದವರೆಗೆ ಕೇಳಿಸಿತು. ದ್ವೀಪದ ಮೂರರಲ್ಲಿ ಎರಡು ಪಾಲು ಸಮುದ್ರಗರ್ಭದಲ್ಲಿ ಅಡಗಿತು. ನೂರು ಅಡಿಗೆ ಮೀರಿದ ಅಲೆಗಳು ಎದುರು ತೀರಗಳನ್ನು ಕೊಚ್ಚಿದುವು. 36,000ಕ್ಕೂ ಹೆಚ್ಚು ಜನರು ಪ್ರಾಣ ಬಿಟ್ಟರು. ರಕಾಟ ಎಂಬ ಹೆಸರಿನಿಂದ ಉಳಿದ ತುಂಡೂ, ಪಕ್ಕದ ಎರಡು ಸಣ್ಣ ದ್ವೀಪಗಳೂ ಬಿಸಿಬೂದಿಯ ದಪ್ಪವಾದ ಹೊದಿಕೆಯ ಕೆಳಗೆ ಹೂತುಹೋದುವು. ಅಲ್ಲಿ ದಟ್ಟವಾಗಿ ಬೆಳೆದಿದ್ದ ಮಹಾರಣ್ಯದ ಗುರುತೂ ಕಣ್ಣಿಗೆ ಕಾಣಲಿಲ್ಲ.

ಒಂಬತ್ತು ತಿಂಗಳ ತರುವಾಯ, 1884ರ ಮೇ ತಿಂಗಳಿನಲ್ಲಿ, ಕೊತೋ ಎಂಬ ಫ್ರೆಂಚ್ ಪ್ರವಾಸಿಯು ಈ ಸ್ಮಶಾನಕ್ಕೆ ಇಳಿದು ಜೀವವಿರುವ ವಸ್ತುವಿಗಾಗಿ ಹುಡುಕಿದನು. ಅವನಿಗೆ ಸಿಕ್ಕಿದ್ದು ಒಂದೇ ಒಂದು ಅತಿಸೂಕ್ಷ್ಮವಾದ ಜೇಡ. ತಿನ್ನಲು ನೊಣವೊಂದೂ ಕಾಣದ ಆ ನೆಲದಲ್ಲಿ ಅದು ತನ್ನ ಪಾಡಿಗೆ ಬಲೆ ನೇಯುತ್ತಿತ್ತು! ಎಳೆಯ ಜೇಡಗಳು ತಮ್ಮ ನೂಲಿನೆಳೆಯನ್ನು ಗಾಳಿಗೆ ಬಿಟ್ಟು, ಅದನ್ನೇ ಹಿಡಿದು ದೂರದೂರ ತೇಲಿಹೋಗುವುದುಂಟು. ನಮ್ಮ ಹುಡುಗನ ಪ್ರಶ್ನೆಗೆ ಮೊದಲನೆಯ ಉತ್ತರವು ಇದು: ದೋಣಿಯಿಂದ ಮೊದಲು ಇಳಿದವನು ನೇಕಾರ.

1886ರಲ್ಲಿ, ಜಾವಾದ ಬೋಗೋರ್ ಸಸ್ಯೋದ್ಯಾನದ ಅಧ್ಯಕ್ಷನಾಗಿದ್ದ ಮೆಲ್ಕಿಯೋರ್ ಟ್ರೂಬ್ ಎಂಬ ಪಂಡಿತನು ಅಲ್ಲಿಗೆ ಹೋದಾಗ, ಬೂದಿಯ ಮೇಲೆ ಹಸಿರುನೀಲಿಯ ಪಾಚಿಯು ತೆಳ್ಳಗೆ ಲೇಪಿಸಿದಂತೆ ಹಬ್ಬಿತ್ತು. ಹನ್ನೊಂದು ಜಾತಿಯ ಜರೀಗಿಡಗಳು ತಲೆಯೆತ್ತಿದ್ದುವು. ಜರೀಗಿಡಗಳಿಗೆ ಬೀಜವಿಲ್ಲ, ಧೂಳಿನಂಥ ರೇಣುಗಳು ಗಾಳಿಯಲ್ಲಿ ಹಾರಿಬರುತ್ತವೆ. ತೀರದಲ್ಲಿ ಮಾತ್ರ ಸಮುದ್ರವೇ ತಂದುಹಾಕಿದ ಗಿಡಗಳು ಬೇರೂರತೊಡಗಿದ್ದುವು. ಮೇಕೆಯ ಗೊರಸಿನಂಥ ಎಲೆಯೂ ನೇರಳೆಯ ಹೂವೂ ಉಳ್ಳ ಮರಳುಬಳ್ಳಿ, ಹೊನ್ನೆ, ಕಾಡುಬಾದಾಮಿ, ಗಾಳಿಮರ ಇವೆಲ್ಲ ಕ್ರಮಕ್ರಮವಾಗಿ ಆ ತೀರವನ್ನು ಸೇರಿದುವು. ಮಂಗಳೂರು, ಕಾರವಾರಗಳ ಕಡಲಕರೆಯನ್ನು ಕಂಡ ವಾಚಕರಿಗೆ ಇವು ಅಪರಿಚಿತವಲ್ಲ. ಇವುಗಳಲ್ಲಿ ಅನೇಕದರ ಕಾಯಿಗಳು ಉಪ್ಪುನೀರಿನಲ್ಲಿ ತೇಲಿದರೂ ಜೀವ ಬಿಡುವುದಿಲ್ಲ.

ಹತ್ತು ಹದಿನೈದು ವರ್ಷಗಳಲ್ಲಿ ದ್ವೀಪದ ಒಳಭಾಗವು ಹುಲ್ಲುಗಾವಲಾಯಿತು. ಆ ಹುಲ್ಲುಗಳಲ್ಲಿ ಮುಖ್ಯವಾದುದು ಯಾವುದೆಂದು ತಿಳಿದಾಗ ನನಗೆ ಹಳೆಯ ಸ್ನೇಹಿತನನ್ನು ಕಂಡಂತಾಯಿತು. ಶರದೃತುವಿನ ವರ್ಣನೆಯಲ್ಲಿ ಸಂಸ್ಕೃತಕವಿಗಳು ತಪ್ಪದೆ ತರುವ, ಬೆಳ್ಳಗೆ ತುರಾಯಿ ಬಿಡುವ, ಕಾಶವೆಂಬ ಹುಲ್ಲೇ ಅದು. ಅದರ ಬೀಜಕ್ಕೆ ರೇಷ್ಮೆಯಂಥ ಕೂದಲುಂಟು; ಗಾಳಿಯೇ ಅದರ ವಾಹನ. ಹುಲ್ಲಿನ ಬೇರು ಬೂದಿಯನ್ನು ಹಿಡಿದುಕೊಂಡಿತು. ಹುಲ್ಲಿನ ಕಳಿತದಿಂದ ಮಣ್ಣು ಹುಟ್ಟಿತು. ಮಣ್ಣಿನಲ್ಲಿ ಮರಗಳು ನಿಂತುವು. ಸ್ಫೋಟವಾಗಿ ಐವತ್ತು ವರ್ಷಗಳು ತುಂಬುವುದರೊಳಗೆ ಹುಲ್ಲುಗಾವಲಿನ ಬಹುಭಾಗವು ಅಡವಿಯಾಗಿತ್ತು.

ಗಾಳಿಯೂ ನೀರೂ ತರಲಾರದುದನ್ನು ಮರಗಳು ಬಂದಮೇಲೆ ಹಕ್ಕಿಗಳೂ ಬಾವಲಿಗಳೂ ಹೊತ್ತುತಂದುವು. ಇಲ್ಲಿ ಅತ್ತಿಯ ವಂಶದ ಮರಗಳ ಕಥೆಯು ವಿಶೇಷವಾದುದು. ಅತ್ತಿಯ ಹಣ್ಣನ್ನು ಬಿಡಿಸಿದರೆ ಹುಳುವೆಂದು ನಾವು ಮೂಗು ಮುರಿಯುತ್ತೇವೆ. ಆದರೆ ಆ ಹುಳು, ಅಂದರೆ ಒಂದು ಬಗೆಯ ಅತಿಸಣ್ಣ ಕಣಜ, ಇಲ್ಲದಿದ್ದರೆ ಅತ್ತಿಗೆ ಸಂತಾನವೇ ಇಲ್ಲ. ಅತ್ತಿ, ಆಲ, ಅರಳಿ, ಬಸರಿ ಈ ಕುಲದ ಮರಗಳ ಹೂವು ಕಾಯಿಯೊಳಗೇ ಅಡಗಿರುವುದರಿಂದ, ಆಯಾ ಜಾತಿಗೆಂದೇ ಏರ್ಪಟ್ಟ ಕಣಜವು ಒಳಹೊಕ್ಕು ಪರಾಗವನ್ನು ಮುಟ್ಟಿಸಬೇಕು. ಬಾವಲಿಯು ಬೀಜವನ್ನು ತಂದು ಉದುರಿಸಿದರೆ ಮರ ಬೆಳೆದೀತು. ಆ ಮರದ ಕಣಜವು ಸಮುದ್ರವನ್ನು ದಾಟಿ ಬರುವವರೆಗೆ ಅದು ಬಂಜೆಯೇ. ಹೀಗಿದ್ದೂ ಆ ದ್ವೀಪಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಾತಿಯ ಅತ್ತಿಗಳು ನೆಲಸಿವೆ. ಹೂವಿಗೆ ಮುಂಚೆ ದುಂಬಿ ಬಂದರೇನು ಗತಿಯೆಂದು ಕೇಳಿದ ಹುಡುಗನು ಇದನ್ನು ಕೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದನೋ!

ಹಕ್ಕಿಗಳ ಲೆಕ್ಕವೂ ವಿಚಾರಯೋಗ್ಯವಾಗಿದೆ. ರಕಾಟದಲ್ಲಿ ನೆಲಸಿದ ನೆಲದ ಹಕ್ಕಿಗಳು 1908ರಲ್ಲಿ 13 ಜಾತಿ. 1919ರಿಂದ 1921ರವರೆಗಿನ ಎಣಿಕೆಯಲ್ಲಿ 27. 1932ರಿಂದ 1934ರವರೆಗಿನ ಎಣಿಕೆಯಲ್ಲಿಯೂ 27. ಸಂಖ್ಯೆಯು ನಿಂತಿತೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಮೊದಲಿನ ಐದು ಜಾತಿಗಳು ಮಾಯವಾಗಿ ಬೇರೆ ಐದು ಬಂದಿದ್ದುವು. ಬಯಲು ಅಡವಿಯಾದರೆ ಬಯಲಿನ ಹಕ್ಕಿಗೆ ಸ್ಥಳವೆಲ್ಲಿ? ಊರಿನ ಮನೆಗಳ ಸಂಖ್ಯೆಯು ಅಷ್ಟೇ ಇದ್ದರೂ ಒಕ್ಕಲು ಬದಲಾಗುವಂತೆ ಇದು. ಪ್ರಕೃತಿಯು ಚೇತರಿಸಿಕೊಳ್ಳುವುದೆಂದರೆ ಹಳೆಯದು ಹಾಗೆಯೇ ಹಿಂತಿರುಗುವುದೆಂದು ತಿಳಿಯಬಾರದು. ಜಾವಾ ಸುಮಾತ್ರಾಗಳ ಹಳೆಯ ಅಡವಿಗಳಲ್ಲಿ ಕಾಣುವ, ಭಾರವಾದ ಬೀಜಗಳ ಹೆಮ್ಮರಗಳಲ್ಲಿ ಎಷ್ಟೋ ಜಾತಿಗಳು ನೂರು ವರ್ಷಗಳು ಕಳೆದರೂ ಆ ದ್ವೀಪಕ್ಕೆ ಬಂದಿರಲಿಲ್ಲ. ಅವುಗಳ ಬೀಜವನ್ನು ಗಾಳಿಯು ಅಷ್ಟು ದೂರ ಒಯ್ಯದು, ಕಡಲು ಕಾಪಾಡದು, ಹಕ್ಕಿಯು ನುಂಗದು. ಹಸಿರಾದುದೆಲ್ಲವೂ ಪೂರ್ಣವಾದುದಲ್ಲ.

ಎಲ್ಲ ಆಪತ್ತುಗಳೂ ಹೀಗೆ ಸರ್ವವನ್ನೂ ಅಳಿಸಿಬಿಡುವುದಿಲ್ಲವೆಂಬುದನ್ನೂ ಹೇಳಬೇಕು. ಅಮೆರಿಕದ ಸೇಂಟ್ ಹೆಲೆನ್ಸ್ ಪರ್ವತವು 1980ರ ಮೇ 18ರಂದು ಸಿಡಿದು 57 ಜನರನ್ನು ಬಲಿ ತೆಗೆದುಕೊಂಡಾಗ ಸುತ್ತಣ ಅಡವಿಯು ಕಡ್ಡಿಗಳಂತೆ ಮಲಗಿತು. ಆದರೂ ನೆಲದೊಳಗೆ ಬಿಲಗಳಲ್ಲಿ ವಾಸಿಸುವ ಗೋಫರ್ ಎಂಬ ಹೆಗ್ಗಣದಂಥ ಪ್ರಾಣಿಗಳು ಎಷ್ಟೋ ಕಡೆ ಬದುಕಿಕೊಂಡು, ಬೂದಿಯ ಕೆಳಗಿನ ಹಳೆಯ ಮಣ್ಣನ್ನು ಮೇಲಕ್ಕೆ ತೋಡಿಹಾಕಿದುವು. ಬೀಜಕ್ಕೆ ಮಡಿಲು ದೊರೆಯಿತು. ನಮ್ಮ ಹುರುಳಿ, ತೊಗರಿಗಳ ವಂಶಕ್ಕೆ ಸೇರಿದ ಲೂಪಿನ್ ಗಿಡವು ಬರಡು ನೆಲದಲ್ಲಿ ಬೇರೂರಿ ಸಾರವನ್ನು ಕೂಡಿಸಿತು. ಕ್ರಕಟೋವದಲ್ಲಿ ಬಹುಪಾಲು ಹೊರಗಿನಿಂದ ಬಂದ ನೆರವು, ಇಲ್ಲಿ ಕೆಳಗಿನಿಂದಲೂ ಬಂದಿತು. ಪಂಡಿತರಲ್ಲಿ ಬಾಕರ್ ಎಂಬುವನು, ಕ್ರಕಟೋವದಲ್ಲಿಯೂ ಬೇರೋ ಬೀಜವೋ ಉಳಿದಿರಲಿಲ್ಲವೆಂದು ಯಾರು ಪರೀಕ್ಷಿಸಿ ನೋಡಿದರೆಂದು 1929ರಲ್ಲಿ ಆಕ್ಷೇಪಿಸಿದನು. ನ್ಯಾಯವಾದ ಆಕ್ಷೇಪವೇ ಸರಿ.

ಈಗ ಎದುರುದಡದ ಒಂದು ವಿಚಿತ್ರವನ್ನು ಕೇಳಿರಿ. ಜಾವಾದ ಪಶ್ಚಿಮದ ತುದಿಯಲ್ಲಿ ಉಜುಂಗ್ ಕುಲೋನ್ ಎಂಬ ನೆಲದ ಚಾಚು ಇದೆ. 1883ರ ಅಲೆಗಳು ಅಲ್ಲಿನ ತೀರದ ಹಳ್ಳಿಗಳನ್ನು ಅಳಿಸಿದ ಮೇಲೆ ಜನರು ಅಲ್ಲಿ ಮರಳಿ ನೆಲೆನಿಲ್ಲಲಿಲ್ಲ, ಅಡವಿಯು ಬೆಳೆಯಿತು. 1921ರಲ್ಲಿ ಅದು ರಕ್ಷಿತಾರಣ್ಯವಾಯಿತು. ಒಂದು ಕಾಲಕ್ಕೆ ಬಂಗಾಳದಿಂದ ಜಾವಾದವರೆಗೆ ಸಂಚರಿಸುತ್ತಿದ್ದ, ಒಂದೇ ಕೊಂಬಿನ ಜಾವಾ ಖಡ್ಗಮೃಗಕ್ಕೆ ಅದೇ ಕೊನೆಯ ಆಶ್ರಯ. ವಿಯೆಟ್ನಾಮಿನಲ್ಲಿ ಉಳಿದಿದ್ದ ಕಟ್ಟಕಡೆಯದು 2010ರಲ್ಲಿ ಹತವಾಯಿತು. ಈಗ ಭೂಮಿಯಲ್ಲೆಲ್ಲ ಇವು ನೂರಕ್ಕಿಂತ ಕಡಿಮೆ. ಎಲ್ಲವೂ ಆ ಒಂದು ಚಾಚಿನಲ್ಲಿ, ಆ ಒಂದು ಅಗ್ನಿಪರ್ವತಕ್ಕೆ ಸಮೀಪದಲ್ಲಿ! ಹಳೆಯ ಪರ್ವತವು ಮುಳುಗಿದ ತಾವಿನಲ್ಲಿ 1927ರಿಂದ ಮೇಲೇಳುತ್ತ ಬಂದ 'ಕ್ರಕಟೋವದ ಮಗು' ಎಂಬ ಅರ್ಥದ ಹೆಸರಿನ ಅನಾಕ್ ಕ್ರಕಟೋವವು 2018ರ ಡಿಸೆಂಬರ್ 22ರಂದು ಒಂದು ಮಗ್ಗುಲು ಕುಸಿದು ಸಮುದ್ರವನ್ನು ಕೆರಳಿಸಿತು. 400ಕ್ಕೂ ಹೆಚ್ಚು ಜನರು ಮಡಿದರು. ಖಡ್ಗಮೃಗಗಳು ಆ ಸಲ ಉಳಿದುವು. ಮುಂದಿನ ಸಲ?

ಪ್ರಕೃತಿಯ ಕೋಪವು ಹೊಸತಲ್ಲ. ಬೆಂಕಿ, ಪ್ರವಾಹ, ಭೂಕಂಪಗಳನ್ನು ಸಹಿಸಿಯೇ ಜೀವಕೋಟಿಯು ಇಷ್ಟು ಬಗೆಯಾಗಿ, ಈಗಿನವರು ಜೀವವೈವಿಧ್ಯವೆನ್ನುವಂತೆ, ಬೆಳೆದುಬಂದಿದೆ. ಖಡ್ಗಮೃಗವು ಬಂಗಾಳದಿಂದ ಜಾವಾದವರೆಗೆ ಇದ್ದಾಗ ಒಂದು ಅಲೆಯು ಅದರ ವಂಶವನ್ನು ಅಳಿಸಲಾರದಾಗಿತ್ತು. ಬೇಟೆಯಿಂದಲೂ ಕಾಡಿನ ನಾಶದಿಂದಲೂ ಅದನ್ನು ಒಂದು ಮೂಲೆಗೆ ತಂದುನಿಲ್ಲಿಸಿದವರು ಮನುಷ್ಯರು; ಈಗ ಒಂದು ಅಲೆ ಸಾಕು. ಹಾಗೆಯೇ, ರಕಾಟಕ್ಕೆ ಇಪ್ಪತ್ತೈದು ಮೈಲಿ ದೂರದಲ್ಲಿ ಜಾವಾ ಸುಮಾತ್ರಾಗಳ ಅಡವಿಗಳು ನಿಂತಿದ್ದುವಾಗಿ ಗಾಳಿಗೆ ಬೀಜ ಸಿಕ್ಕಿತು, ಬಾವಲಿಗೆ ಹಣ್ಣು ಸಿಕ್ಕಿತು. ಆ ತೀರಗಳೂ ಬೋಳಾಗಿದ್ದರೆ ಗಾಳಿಯು ಬರಿಯ ಗಾಳಿಯನ್ನೇ ತರುತ್ತಿತ್ತು.

ಇದು ಪರದೇಶದ ವಾರ್ತೆಯೆಂದು ಪುಟ ಮಗುಚಬೇಡಿರಿ. 2018ರ ಆಗಸ್ಟ್ ತಿಂಗಳಿನ ಮಳೆಯಲ್ಲಿ ನಮ್ಮ ಕೊಡಗಿನ ಗುಡ್ಡಗಳು ಜರಿದುದನ್ನು ಎಲ್ಲರೂ ಬಲ್ಲರು. ಜರಿದ ಕೆಂಪುಮಣ್ಣಿನ ಮೇಲೆ ಏನು ಬೆಳೆಯುತ್ತದೆಂಬುದು ಅಕ್ಕಪಕ್ಕದಲ್ಲಿ ಏನು ಉಳಿದಿದೆಯೆಂಬುದನ್ನು ಅವಲಂಬಿಸಿದೆ. ದೇವರಕಾಡು ಉಳಿದಿದ್ದರೆ ಅಲ್ಲಿಂದ ಮಂಗಟ್ಟೆಹಕ್ಕಿಯು ಬೀಜ ತಂದೀತು. ಸುತ್ತಲೂ ಲಂಟಾನ ಒಂದೇ ಇದ್ದರೆ ಆ ಲಂಟಾನವೇ ಬಂದೀತು. ಸಹ್ಯಾದ್ರಿಯಲ್ಲಿ ಒಂದೆರಡು ಬೆಟ್ಟಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲದ ಕಪ್ಪೆಗಳುಂಟು. ಅವುಗಳ ಬೆಟ್ಟವು ಜರಿದರೆ ಮತ್ತೆ ತರಲು ನೆರೆಮನೆಯೇ ಇಲ್ಲ.

ಗೃಹಸ್ಥರಾದ ನಮ್ಮಿಂದ ಗುಡ್ಡವನ್ನು ಹಿಡಿದು ನಿಲ್ಲಿಸಲಾಗದು, ಅಗ್ನಿಪರ್ವತವನ್ನು ಆರಿಸಲಾಗದು. ಆದರೆ ಊರಿನ ನಾಗಬನದ ಮರವನ್ನು ಹರಾಜಿಗೆ ಇಡುವ ಮಾತು ಬಂದಾಗ ಬೇಡವೆನ್ನಬಹುದು. ಗದ್ದೆಯ ಅಂಚಿನ ಹಳೆಯ ಅತ್ತಿಮರವು ನೆರಳು ಮಾಡುತ್ತದೆಂದು ಕಡಿಯಲು ಹೊರಟ ಮಗನನ್ನು ತಡೆಯಬಹುದು. ಹಳ್ಳದ ದಡದಲ್ಲಿ ನಾಲ್ಕು ಮಾರು ಪೊದೆಯನ್ನು ಅದರ ಪಾಡಿಗೆ ಬಿಡಬಹುದು. ಇವು ಅಲ್ಪವಾದ ಕೆಲಸಗಳೆಂದು ತೋರಬಹುದು. ಸತ್ಯವ್ರತನ ದೋಣಿಯಲ್ಲಿದ್ದ ಒಂದೊಂದು ಬೀಜವೂ ಅಲ್ಪವಾದುದೇ. ಪ್ರಳಯವು ಯಾವ ದಿನ ಬರುವುದೆಂದು ರಾಜನಿಗೆ ಭಗವಂತನೇ ಮುಂದಾಗಿ ತಿಳಿಸಿದನು. ನಮಗೆ ಯಾರೂ ತಿಳಿಸುವುದಿಲ್ಲ. ಆದುದರಿಂದ ದೋಣಿಯನ್ನು ಯಾವಾಗಲೂ ತುಂಬಿಯೇ ಇಟ್ಟುಕೊಂಡಿರಬೇಕು.