ಡಾಕ್ಟರ್ ಮಾತ್ರೆಗೆ ಭಯ, ಡಬ್ಬಿ ಚೂರ್ಣಕ್ಕೆ ಜೈ!

ಮಳೆ, ಮೊದಲ ಪ್ರೇಮ, ಊರಿನ ಕೆರೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕು... ನಾವು ಕನ್ನಡ ಬ್ಲಾಗಿಗರು ಬರೆಯದ ವಿಷಯ ಇಲ್ಲ. ಇವತ್ತು ಯಾರೂ ಮುಟ್ಟದ ಒಂದನ್ನ ಮುಟ್ತಾ ಇದೀನಿ. ಮಲಬದ್ಧತೆ. ಮೂಗು ಮುಚ್ಕೊಳ್ಳೋರು ಮುಚ್ಕೊಳ್ಳಿ, ನಗೋರು ಈಗಲೇ ನಕ್ಕುಬಿಡಿ, ಆಮೇಲೆ ಮುಂದೆ ಓದಿ :-)

ನನ್ನ ತಕರಾರು ಇಷ್ಟೇ. ಡಾಕ್ಟರು ಹೆಸರು, ಪ್ರಮಾಣ, ಎಷ್ಟು ದಿನ ಅಂತೆಲ್ಲ ಬರೆದು ಕೊಟ್ಟ ಔಷಧಿಯನ್ನ ನಮ್ಮ ಮನೆಗಳಲ್ಲಿ ಮೂರನೇ ದಿನಕ್ಕೆ ನಿಲ್ಲಿಸ್ತಾರೆ. ಕಾರಣ ಕೇಳಿದ್ರೆ "ಅಭ್ಯಾಸ ಆಗ್ಬಿಡತ್ತೆ". ಅದೇ ಮನೆಯ ಕಪಾಟಿನಲ್ಲಿ ಹಸಿರೆಲೆ ಚಿತ್ರ ಇರೋ ಚೂರ್ಣದ ಡಬ್ಬಿ ಹತ್ತು ವರ್ಷದಿಂದ ಖಾಲಿಯಾಗ್ತಾ, ಹೊಸದು ಬರ್ತಾ ಇರತ್ತೆ. ಅದಕ್ಕೆ ಮಾತ್ರ "ನ್ಯಾಚುರಲ್ ಅಲ್ವಾ, ಸೈಡ್ ಎಫೆಕ್ಟ್ ಇಲ್ಲ". ಹೆದರಬೇಕಾದ ಕಡೆ ಧೈರ್ಯ, ಧೈರ್ಯ ಬೇಕಾದ ಕಡೆ ಹೆದರಿಕೆ. ಈ ತಲೆಕೆಳಗಾದ ಲೆಕ್ಕದ ಮೇಲೆ ನನ್ನ ಸಿಟ್ಟು.

"ನೀನೇನು ಡಾಕ್ಟರಾ?" ಅಂತ ಕಾಮೆಂಟ್ ಬರತ್ತೆ ಅಂತ ಗೊತ್ತು. ಅಲ್ಲ ಸ್ವಾಮಿ, ಬಿಇ ಮಾಡಿ ಕೋಡ್ ಬರೆದು ಹೊಟ್ಟೆ ಹೊರೆಯೋನು. ಯಾರು ಯಾವ ಮಾತ್ರೆ ತಗೋಬೇಕು ಅಂತ ನಾನು ಹೇಳೋದಿಲ್ಲ, ಹೇಳಬಾರದು ಕೂಡ. ಆದರೆ ಡಬ್ಬಿ ಮೇಲಿನ ಸಣ್ಣಕ್ಷರ ಓದೋಕೆ ಎಂಬಿಬಿಎಸ್ ಬೇಕಾಗಿಲ್ಲ.

ಹಾಗೆ ಓದೋಣ ಬನ್ನಿ. "ಬೆಳಿಗ್ಗೆ ಹೊಟ್ಟೆ ಕ್ಲೀನ್" ಅಂತ ಮಾರೋ ಚೂರ್ಣಗಳಲ್ಲಿ ಹಲವಕ್ಕೆ ಮುಖ್ಯ ಸರಕು ಒಂದೇ, ಸೋನಾಮುಖಿ ಎಲೆ. ಡಬ್ಬಿ ಹಿಂದೆ ಅದು ಒಂದೊಂದು ಹೆಸರಲ್ಲಿ ಇರತ್ತೆ. ಒಂದು ಕಡೆ ಸ್ವರ್ಣಪತ್ರಿ, ಇನ್ನೊಂದು ಕಡೆ ಸನಾಯ್, ಮತ್ತೊಂದು ಕಡೆ ಕ್ಯಾಸಿಯಾ ಅಂಗುಸ್ಟಿಫೋಲಿಯಾ. ತಿರುನೆಲ್ವೇಲಿ ಸೀಮೆಯಲ್ಲಿ ಬೆಳೆಯೋದ್ರಿಂದ ವ್ಯಾಪಾರದಲ್ಲಿ ಅದಕ್ಕೆ ಟಿನ್ನೆವೆಲ್ಲಿ ಸೆನ್ನಾ ಅಂತಲೇ ಹೆಸರು. ಇದರಲ್ಲಿರೋ ಸೆನ್ನೋಸೈಡ್ ಅನ್ನೋ ಅಂಶ ದೊಡ್ಡ ಕರುಳಿನ ಸ್ನಾಯುವನ್ನ ಚುರುಕುಗೊಳಿಸತ್ತೆ. ಈಗ ಮೆಡಿಕಲ್ ಶಾಪಿನ ಸೆನ್ನಾ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಅದರಲ್ಲಿರೋದೂ ಅದೇ ಸೆನ್ನೋಸೈಡ್! ವ್ಯತ್ಯಾಸ ಏನಪ್ಪಾ ಅಂದ್ರೆ, ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಅಂತ ಬರೆದಿರತ್ತೆ. ಚೂರ್ಣದಲ್ಲಿ "ಒಂದು ಚಮಚ". ಯಾರ ಮನೆ ಚಮಚ? ಅಜ್ಜಿ ಮನೆ ಉಪ್ಪಿನಕಾಯಿ ಚಮಚವೋ, ಪಾಯಸದ ಚಮಚವೋ?

ಇದು ಆಯುರ್ವೇದದ ಮೇಲಿನ ಜಗಳ ಅಲ್ಲ. ಸರಿಯಾಗಿ ಓದಿದ ಆಯುರ್ವೇದ ವೈದ್ಯರೂ ನಾಡಿ ನೋಡಿ, ವಯಸ್ಸು ಕೇಳಿ, ಪ್ರಮಾಣ ಹೇಳಿ, ಇಷ್ಟು ದಿನ ಅಂತ ಗೆರೆ ಎಳೀತಾರೆ. ಸೋನಾಮುಖಿ ಕೂಡ ಕೆಟ್ಟದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಸೆನ್ನಾ ಇದೆ. ನನ್ನ ಜಗಳ ಇರೋದು ವೈದ್ಯರನ್ನೇ ಬಿಟ್ಟು ಡಬ್ಬಿ ಮಾತ್ರ ಇಟ್ಟುಕೊಂಡಿರೋ ನಮ್ಮ ಜೊತೆ.

ಈಗ ಆ "ಅಭ್ಯಾಸ"ದ ವಿಷಯಕ್ಕೆ ಬರೋಣ. ಈ ನಂಬಿಕೆ ಎಲ್ಲಿಂದ ಬಂತು? ಜೋರಾದ ಬೇಧಿ ಔಷಧಿ ತಗೊಂಡ್ರೆ ದೊಡ್ಡ ಕರುಳು ಪೂರ್ತಿ ಖಾಲಿಯಾಗತ್ತೆ. ಅದು ಮತ್ತೆ ತುಂಬೋಕೆ ಎರಡು ಮೂರು ದಿನ ಬೇಕು. ಅಲ್ಲೀವರೆಗೆ ಏನೂ ಬರಲ್ಲ, ಬರೋಕೆ ಏನೂ ಇರೋದೇ ಇಲ್ಲ. ನಾವು ಏನು ಮಾಡ್ತೀವಿ? "ನೋಡಿದ್ಯಾ, ಔಷಧಿ ಬಿಟ್ಟ ತಕ್ಷಣ ನಿಂತೋಯ್ತು" ಅಂತ ಗಾಬರಿಯಾಗಿ ಮತ್ತೆ ಒಂದು ಚಮಚ, ಈ ಸಲ ಸ್ವಲ್ಪ ಜಾಸ್ತಿ. ಕರುಳು ಮತ್ತೆ ಖಾಲಿ, ಮತ್ತೆ ಗಾಬರಿ, ಮತ್ತೆ ಚಮಚ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇನ್ಫೈನೈಟ್ ಲೂಪ್. ಇದನ್ನ ಹುಟ್ಟಿಸಿದ್ದು ಪ್ರಮಾಣ ಇಲ್ಲದ ಬಳಕೆ. ಬೈಗುಳ ಮಾತ್ರ ಎಲ್ಲ ಔಷಧಿಗೂ.

2005ರಲ್ಲಿ ಅಮೆರಿಕನ್ ಜರ್ನಲ್ ಆಫ್ ಗ್ಯಾಸ್ಟ್ರೋಎಂಟರಾಲಜಿಯಲ್ಲಿ ಮಲಬದ್ಧತೆಯ ಬಗೆಗಿನ ತಪ್ಪುನಂಬಿಕೆಗಳ ಮೇಲೇ ಒಂದು ವಿಮರ್ಶಾ ಲೇಖನ ಬಂತು. ಹೇಳಿದ ಪ್ರಮಾಣದಲ್ಲಿ ತಗೊಂಡ್ರೆ ಈ ಔಷಧಿಗಳು ಕರುಳನ್ನ ಹಾಳು ಮಾಡ್ತವೆ, ಚಟ ಹಿಡಿಸ್ತವೆ ಅನ್ನೋದಕ್ಕೆ ಸರಿಯಾದ ಆಧಾರ ಇಲ್ಲ ಅನ್ನೋದು ಅದರ ಸಾರ. ಕನ್ನಡಕ ತೆಗೆದ್ರೆ ಮಂಜು ಕಾಣತ್ತೆ, ಹಾಗಂತ "ಕಣ್ಣಿಗೆ ಕನ್ನಡಕದ ಚಟ ಹತ್ತಿದೆ" ಅಂತ ಯಾರೂ ಅನ್ನಲ್ಲ. ಬಹಳ ದಿನದ ತೊಂದರೆ ಇದ್ದೋರು ಔಷಧಿ ಬಿಟ್ಟಾಗ ತೊಂದರೆ ವಾಪಸ್ ಬಂದ್ರೆ ಅದೂ ಹಾಗೇ. ತೊಂದರೆ ಇನ್ನೂ ಇದೆ ಅಂತ ಅರ್ಥ.

ಹಾಗಾದ್ರೆ ಹೇಗೆ ಬೇಕಾದ್ರೂ ತಗೋಬಹುದಾ? ಖಂಡಿತ ಇಲ್ಲ. ಮಿತಿಮೀರಿ ಬೇಧಿಯಾದ್ರೆ ನೀರಿನ ಜೊತೆ ಪೊಟ್ಯಾಸಿಯಂ ಕೂಡ ಹೋಗತ್ತೆ. ಮೂತ್ರ ಹೆಚ್ಚಿಸೋ ಬಿಪಿ ಮಾತ್ರೆ, ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳೋರಿಗೆ ಇದು ಆಟದ ವಿಷಯ ಅಲ್ಲ. "ಬರೀ ಸಿರಪ್ ತಾನೇ" ಅಂತ ಕುಡಿಯೋ ಮಿಲ್ಕ್ ಆಫ್ ಮೆಗ್ನೀಷಿಯಾ ಕಿಡ್ನಿ ಕೆಟ್ಟವರ ರಕ್ತದಲ್ಲಿ ಮೆಗ್ನೀಷಿಯಂ ಏರಿಸಬಹುದು. ಅದಕ್ಕೇ ಹೇಳೋದು, ಒಂದೇ ಔಷಧಿ ಒಬ್ಬರಿಗೆ ಸೇಫ್, ಇನ್ನೊಬ್ಬರಿಗೆ ಅಪಾಯ. ಅದನ್ನ ಬೇರೆ ಮಾಡಿ ನೋಡೋಕೇ ಡಾಕ್ಟರ ಚೀಟಿ ಅಂತ ಒಂದಿರೋದು.

ಇನ್ನೊಂದು ನೋಡಿ. ಈ ಔಷಧಿಗಳೆಲ್ಲ ಒಂದೇ ಥರ ಕೆಲಸ ಮಾಡಲ್ಲ. ಇಸಬ್‌ಗೋಲ್ ನೀರು ಹೀರಿ ಊದಿಕೊಳ್ಳತ್ತೆ. ತುಂಬು ಲೋಟ ನೀರಿಲ್ಲದೆ ತಗೊಂಡ್ರೆ ಗಂಟಲಲ್ಲೇ ಊದಿಕೊಂಡು ಉಸಿರು ಕಟ್ಟಬಹುದು. ಲ್ಯಾಕ್ಟ್ಯುಲೋಸ್ ಮತ್ತು ಪಾಲಿಎಥಿಲಿನ್ ಗ್ಲೈಕಾಲ್ ಕರುಳಿನಲ್ಲಿ ನೀರನ್ನ ಹಿಡಿದಿಟ್ಟು ಮಲ ಮೆತ್ತಗೆ ಮಾಡ್ತವೆ. ಒಂದೆರಡು ದಿನ, ಕೆಲವರಿಗೆ ಮೂರು ದಿನ ಬೇಕು. ನಾವು ರಾತ್ರಿ ಒಂದು ಡೋಸ್ ಕುಡಿದು, ಬೆಳಿಗ್ಗೆ ಏನೂ ಆಗಲಿಲ್ಲ ಅಂತ ಬಾಟಲಿ ಮೂಲೆಗೆ ಎಸೀತೀವಿ. ಸೆನ್ನಾ, ಬಿಸಾಕೊಡಿಲ್ ಸಾಮಾನ್ಯವಾಗಿ 6ರಿಂದ 12 ಗಂಟೆಯೊಳಗೆ ಕೆಲಸ ಮಾಡ್ತವೆ. ಆ ಬಿಸಾಕೊಡಿಲ್ ಮಾತ್ರೆಗೆ ಕರುಳಿನಲ್ಲೇ ಕರಗಲಿ ಅಂತ ಒಂದು ಲೇಪ ಇರತ್ತೆ. ಅದನ್ನ ಪುಡಿ ಮಾಡಬಾರದು, ಹಾಲು ಅಥವಾ ಆಂಟಾಸಿಡ್ ತಗೊಂಡ ಒಂದು ಗಂಟೆಯೊಳಗೆ ನುಂಗಬಾರದು. ನುಂಗಿದ್ರೆ ಲೇಪ ಹೊಟ್ಟೆಯಲ್ಲೇ ಕರಗಿ ನುಲಿತ ಶುರು. ನಮ್ಮಲ್ಲಿ ರಾತ್ರಿ ಮಾತ್ರೆ ಅಂದ್ರೆ ಏನು ಮಾಡ್ತೀವಿ ಹೇಳಿ? ಒಂದು ಲೋಟ ಬಿಸಿ ಹಾಲು! ಆಮೇಲೆ "ಇಂಗ್ಲಿಷ್ ಔಷಧಿ ಹೀಟು" ಅಂತ ಬೈಯ್ತೀವಿ.

ನಮ್ಮ ಮನೆಯದೇ ಒಂದು ಉದಾಹರಣೆ ಕೊಡ್ತೀನಿ. ನಮ್ಮಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರೀತು. ಆಪರೇಷನ್ ಚೆನ್ನಾಗೇ ಆಯ್ತು. ಡಿಸ್ಚಾರ್ಜ್ ಚೀಟಿಯಲ್ಲಿ ನೋವಿಗೆ ಟ್ರಮಡಾಲ್, ಜೊತೆಗೆ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ. ಮೂರೂ ಮಲಬದ್ಧತೆ ತರುವಂಥವು, ಅದರಲ್ಲೂ ಟ್ರಮಡಾಲ್ ಅಫೀಮಿನ ಬಳಗದ್ದು, ಕರುಳನ್ನೇ ನಿಧಾನ ಮಾಡತ್ತೆ. ಇದಕ್ಕೆ ಪ್ರತಿಯಾಗಿ ಒಂದು ಔಷಧಿಯೂ ಚೀಟಿಯಲ್ಲಿ ಇರಲಿಲ್ಲ. ಐದು ದಿನ ಆದ್ರೂ ಅಜ್ಜಿಗೆ ಕಡೆಗೆ ಹೋಗೋಕೆ ಆಗಲಿಲ್ಲ. ಮೊಮ್ಮಕ್ಕಳ ಮುಂದೆ ಹೇಳೋಕೆ ನಾಚಿಕೆ, ಡಾಕ್ಟರ್ ಗಂಡಸು ಅಂತ ಅವರ ಮುಂದೆಯೂ ನಾಚಿಕೆ. ಪಕ್ಕದ ಮನೆಯವರು ಇಸಬ್‌ಗೋಲ್ ತಂದುಕೊಟ್ಟು, "ಆ ಮಾತ್ರೆ ಗೀತ್ರೆ ಬೇಡ ಕಣ್ರೀ, ಅಭ್ಯಾಸ ಆಗ್ಬಿಡತ್ತೆ" ಅಂದ್ರು. ಬೆಡ್‌ಪ್ಯಾನ್ ಕೇಳಬೇಕಾಗತ್ತಲ್ಲ ಅಂತ ಅಜ್ಜಿ ನೀರನ್ನೇ ಕುಡೀತಿರಲಿಲ್ಲ. ಎರಡು ಗುಟುಕು ನೀರಲ್ಲಿ ಇಸಬ್‌ಗೋಲ್! ಟ್ರಮಡಾಲಿನಂಥ ಔಷಧಿಯಿಂದ ಕಟ್ಟಿದ ಹೊಟ್ಟೆಗೆ ಇಸಬ್‌ಗೋಲ್ ಸಾಮಾನ್ಯವಾಗಿ ಬೇಡ ಅಂತಾರೆ, ನಿಧಾನವಾದ ಕರುಳಿನಲ್ಲಿ ಅದು ಊದಿ ಕೂತುಬಿಡತ್ತೆ.

ಕೊನೆಗೆ ಅಜ್ಜಿ ಏನು ಮಾಡಿದ್ರು ಗೊತ್ತಾ? ನೋವಿನ ಮಾತ್ರೆಯನ್ನೇ ಬಿಟ್ಟುಬಿಟ್ರು. "ನೋವಾದ್ರೂ ತಡ್ಕೋಬಹುದು ಕಣೇ, ಇದನ್ನ ತಡ್ಕೊಳ್ಳೋಕಾಗಲ್ಲ" ಅಂತ ಅಮ್ಮನ ಹತ್ರ ಅತ್ರಂತೆ. ನೋವಿಗೆ ಹೆದರಿ ನಡೆಯೋದು ನಿಂತಿತು, ಫಿಸಿಯೋಥೆರಪಿ ನಿಂತಿತು. ಸೊಂಟ ಮುರಿದವರಿಗೆ ಹಾಸಿಗೆಯಲ್ಲಿ ಕಳೆಯೋ ಒಂದೊಂದು ದಿನವೂ ದುಬಾರಿ. ಊರಿನ ಒಬ್ಬ ಲೇಡಿ ಡಾಕ್ಟರು ಮನೆಗೆ ಬಂದು, ಮಾತ್ರೆಗಳ ಪಟ್ಟಿ ಓದಿ, ಪರೀಕ್ಷೆ ಮಾಡಿ, ಎನಿಮಾ ಕೊಟ್ಟು, ದಿನಾ ಲ್ಯಾಕ್ಟ್ಯುಲೋಸ್, ರಾತ್ರಿ ಸೆನ್ನಾ ಮಾತ್ರೆ ಅಂತ ಬರೆದ್ರು. "ಟ್ರಮಡಾಲ್ ನಿಲ್ಲೋವರೆಗೂ ಇದನ್ನ ನಿಲ್ಲಿಸಬೇಡಿ" ಅಂತ ಕೆಳಗೆ ಗೆರೆ ಎಳೆದ್ರು. ಆ ವಾರವೇ ಅಜ್ಜಿ ವಾಕರ್ ಹಿಡಿದ್ರು. ಮಧ್ಯೆ ಕಳೆದ ಹನ್ನೊಂದು ದಿನ ಮಾತ್ರ ಯಾರೂ ವಾಪಸ್ ಕೊಡಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಬರೆಯದ ಆ ಆಸ್ಪತ್ರೆ ಮೇಲೆ ನನಗೆ ಎಷ್ಟು ಸಿಟ್ಟಿದೆಯೋ, "ಅಭ್ಯಾಸ ಆಗ್ಬಿಡತ್ತೆ" ಅನ್ನೋ ಆ ಮಾತಿನ ಮೇಲೂ ಅಷ್ಟೇ ಸಿಟ್ಟಿದೆ.

ಇಷ್ಟು ಹೇಳಿದ ಮಾತ್ರಕ್ಕೆ ಚೀಟಿ ಔಷಧಿ ಅಂದ್ರೆ ಅಮೃತ ಅಂತ ನಾನು ಹೇಳ್ತಿಲ್ಲ. ಟೆಗಾಸೆರಾಡ್ ಅಂತ ಒಂದಿತ್ತು, ಇದೇ ತೊಂದರೆಗೆ ಕೊಡ್ತಿದ್ದಿದ್ದು. ಅದರ ಎಲ್ಲ ಪ್ರಯೋಗಗಳ ಲೆಕ್ಕ ಒಟ್ಟು ಹಾಕಿದಾಗ, ಔಷಧಿ ತಗೊಂಡ 11,614 ಜನರಲ್ಲಿ 13 ಜನಕ್ಕೆ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಕಂಡಿತು. ಸಕ್ಕರೆ ಮಾತ್ರೆಯಂಥ ಖಾಲಿ ಮಾತ್ರೆ ತಗೊಂಡ 7,031 ಜನರಲ್ಲಿ ಒಬ್ಬರಿಗೆ. ಸಾವಿರಕ್ಕೆ ಒಂದರಷ್ಟು ಸಣ್ಣ ವ್ಯತ್ಯಾಸ. ಅಷ್ಟಕ್ಕೇ 2007ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಮಾರಾಟ ನಿಂತಿತು, 2011ರಲ್ಲಿ ಭಾರತ ಅದನ್ನ ನಿಷೇಧಿಸಿತು. ಇದನ್ನ ತೋರಿಸಿ "ನೋಡಿ, ಅಲೋಪತಿ ಹೀಗೇ" ಅಂತಾರೆ. ನಾನು ಉಲ್ಟಾ ಹೇಳ್ತೀನಿ. ಯಾರೋ ಕೂತು ಎಣಿಸಿದ್ದಕ್ಕೆ ಆ ಸಾವಿರಕ್ಕೊಂದು ಸಿಕ್ಕಿಬಿತ್ತು. ನಿಮ್ಮ ಹಸಿರು ಡಬ್ಬಿಯ ಚೂರ್ಣಕ್ಕೆ ಇಂಥ ಒಂದು ಲೆಕ್ಕ ತೋರಿಸಿ, ನಾನು ಸುಮ್ಮನಾಗ್ತೀನಿ.

ಇದೇ ಮಾತು ನಮ್ಮ ಐಟಿ ಬಂಧುಗಳಿಗೂ. ಅಕ್ಕನಿಗೆ ಬರೆದುಕೊಟ್ಟ ಪ್ರುಕಾಲೋಪ್ರೈಡ್ ಹೆಸರು ವಾಟ್ಸಾಪಲ್ಲಿ ತರಿಸಿಕೊಂಡು, ಮೆಡಿಕಲ್ ಶಾಪಲ್ಲಿ "ಅಣ್ಣಾ, ಒಂದು ಸ್ಟ್ರಿಪ್ ಕೊಡಿ" ಅನ್ನೋರು ನೀವೇ. ಅದು ಒಳ್ಳೆ ಔಷಧಿಯೇ, ಯೂರೋಪಿನಲ್ಲಿ 2009ರಲ್ಲಿ, ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಆದರೆ ಸಾಮಾನ್ಯವಾಗಿ 2 ಮಿಲಿಗ್ರಾಂ ಕೊಡೋ ಕಡೆ, ಕಿಡ್ನಿ ತೀರಾ ದುರ್ಬಲ ಇದ್ದೋರಿಗೆ 1 ಮಿಲಿಗ್ರಾಂ. ಮೊದಲ ದಿನಗಳಲ್ಲಿ ತಲೆನೋವು, ವಾಕರಿಕೆ, ಬೇಧಿ ಬರಬಹುದು. ಮನಸ್ಸು ತೀರಾ ಕುಗ್ಗಿದ್ರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ ಅಂತ ಅಮೆರಿಕದ ಲೇಬಲ್ಲೇ ಎಚ್ಚರಿಸತ್ತೆ. ಅಕ್ಕನ ಕಿಡ್ನಿ ನಿಮ್ಮ ಕಿಡ್ನಿ ಅಲ್ಲ. ಬೇರೆ ಪ್ರಾಜೆಕ್ಟಿನ ಕೋಡ್ ಎತ್ತಿ ಟೆಸ್ಟ್ ಮಾಡದೆ ಪ್ರೊಡಕ್ಷನ್‌ಗೆ ಹಾಕ್ತೀರಾ?

"ಸೊಪ್ಪು ತಿನ್ನಿ, ನೀರು ಕುಡೀರಿ, ವಾಕಿಂಗ್ ಮಾಡಿ" ಅನ್ನೋರಿಗೂ ಒಂದು ಮಾತು. ಸರಿ, ಅದೇ ಮೊದಲ ಹೆಜ್ಜೆ. ಆದರೆ ಅದು ಎಲ್ಲರಿಗೂ ಸಾಲಲ್ಲ. ಥೈರಾಯ್ಡ್ ಕಮ್ಮಿಯಿದ್ರೆ ಸೊಪ್ಪು ಏನು ಮಾಡತ್ತೆ? ಮಲ ಬರುವಾಗ ಸಡಿಲ ಆಗಬೇಕಾದ ಸ್ನಾಯುಗಳು ಬಿಗಿಯಾಗೋ ತೊಂದರೆ ಕೆಲವರಿಗೆ ಇರತ್ತೆ, ಅವರಿಗೆ ಬಯೋಫೀಡ್‌ಬ್ಯಾಕ್ ಅನ್ನೋ ತರಬೇತಿ ಬೇಕು, ಔಷಧಿಯೂ ಅಷ್ಟಾಗಿ ಉಪಯೋಗಕ್ಕೆ ಬರಲ್ಲ. 2023ರಲ್ಲಿ ಅಮೆರಿಕದ ಎರಡು ಗ್ಯಾಸ್ಟ್ರೋಎಂಟರಾಲಜಿ ಸಂಘಗಳು ಸೇರಿ ಹೊರತಂದ ಮಾರ್ಗಸೂಚಿ ಪಾಲಿಎಥಿಲಿನ್ ಗ್ಲೈಕಾಲನ್ನ ಬಲವಾಗಿ ಶಿಫಾರಸು ಮಾಡಿದೆ, ಬಿಸಾಕೊಡಿಲ್‌ನಂಥದ್ದನ್ನ ದಿನಾ ತಗೊಳ್ಳೋದಾದ್ರೆ ನಾಲ್ಕು ವಾರದೊಳಗೆ ಅಥವಾ ಅಪರೂಪಕ್ಕೊಮ್ಮೆ ಅಂದಿದೆ. ಔಷಧಿ ತಗೊಂಡವರು ಸೋಮಾರಿಗಳಲ್ಲ, ಸೊಪ್ಪು ತಿನ್ನದ ಪಾಪಿಗಳೂ ಅಲ್ಲ.

ಮತ್ತೆ, ದಯವಿಟ್ಟು ಇದನ್ನ ನೆನಪಿಡಿ. ಮಲದಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯೋದು, ರಕ್ತಹೀನತೆ, ಐವತ್ತರ ಆಸುಪಾಸಿನಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ, ಮನೆಯಲ್ಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇದ್ದದ್ದು. ಇವುಗಳಲ್ಲಿ ಒಂದಿದ್ರೂ ಚೂರ್ಣವೂ ಬೇಡ, ಸಿರಪ್ಪೂ ಬೇಡ, ಮೊದಲು ಡಾಕ್ಟರ್. ಹೊಟ್ಟೆ ಉಬ್ಬಿ, ವಾಂತಿಯಾಗ್ತಾ, ಗಾಳಿಯೂ ಹೋಗ್ತಿಲ್ಲ ಅಂದ್ರೆ ಬೇಧಿ ಔಷಧಿ ಕೊಡಲೇಬೇಡಿ, ನೇರ ಆಸ್ಪತ್ರೆಗೆ.

ಸಹಬ್ಲಾಗಿಗರೇ, ನಿಮಗೊಂದು ನೇರ ಮನವಿ. "ಹೊಟ್ಟೆ ಸ್ವಚ್ಛಕ್ಕೆ ಐದು ಮನೆಮದ್ದು" ಅಂತ ಪೋಸ್ಟ್ ಹಾಕುವಾಗ ಎಷ್ಟು, ಎಷ್ಟು ದಿನ, ಯಾರು ತಗೋಬಾರದು ಅನ್ನೋ ಮೂರು ಸಾಲು ಸೇರಿಸಿ. ಬರೆಯೋಕೆ ಗೊತ್ತಿಲ್ಲ ಅಂದ್ರೆ ಪೋಸ್ಟೇ ಹಾಕಬೇಡಿ. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಅಮ್ಮನ ಕಪಾಟು ತೆಗೆದು ನೋಡಿ. ಚೂರ್ಣ, ಸಿರಪ್ಪು, ನೋವಿನ ಮಾತ್ರೆ, ಕ್ಯಾಲ್ಸಿಯಂ, ಎಲ್ಲದರ ಹೆಸರು ಒಂದು ಹಾಳೆಯಲ್ಲಿ ಬರೆದು, ಮುಂದಿನ ಸಲ ಡಾಕ್ಟರ್ ಹತ್ರ ಹೋಗುವಾಗ ಅವರ ಕೈಗೆ ಕೊಡಿ. ನಾಚಿಕೆಯಾಗತ್ತೆ ಅಂದ್ರೆ ಮಾತಾಡೋದೂ ಬೇಡ, ಆ ಹಾಳೆಯೇ ಮಾತಾಡತ್ತೆ.

ನೀವೇನಂತೀರಿ? ಬೈಯೋದಿದ್ರೆ ಕಾಮೆಂಟ್ ಬಾಕ್ಸ್ ತೆರೆದೇ ಇದೆ. ಆದರೆ ಬೈಯೋಕೆ ಮುಂಚೆ ನಿಮ್ಮ ಮನೆ ಡಬ್ಬಿ ಹಿಂದೆ ಏನು ಬರೆದಿದೆ ಅಂತ ಒಮ್ಮೆ ಓದಿ ಬನ್ನಿ.