‘ಹೊಳ್ಳಿ ನೋಡೂದು’ ಅಂದ್ರ ಏನ್ರೀ?

ನಮ್ಮ ಹಳಿಯಾಳ ತಾಲೂಕಿನ ತೇರಗಾಂವ ಕಡೆ ‘ಹೊಳ್ಳಿ ನೋಡು’ ಅಂತೀವಿ. ‘ಹೊರಳು’ ಅನ್ನೋದೇ ಬಾಯಲ್ಲಿ ಸವೆದು ‘ಹೊಳ್ಳು’ ಆಗಿದೆ. ಮೊದಲು ಮೈ ತಿರುಗಬೇಕು, ಆಮೇಲೆ ನೋಟ. ಉಪಕಾರ ಮರೆತವನನ್ನ ‘ಹೊಳ್ಳಿ ಸೈತ ನೋಡ್ಲಿಲ್ಲ’ ಅಂತ ಬೈಯೋದೂ ಇದೇ ಮಾತಿಂದ.

ಸರಕಾರಿ ಕನ್ನಡದಲ್ಲಿ ಇದು ‘ಮರುಪರಿಶೀಲಿಸು’. ಪದದ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ‘ಮರುಪರಿಶೀಲಿಸಲಾಗಿದೆ’ ಅನ್ನೋದರ ಮೇಲೆ. ಯಾರು ನೋಡಿದರು? ಏನನ್ನ? ಎಲ್ಲಿ ನಿಂತು? ಆ ‘ಲಾಗಿದೆ’ಯೊಳಗೆ ಎಲ್ಲಾ ಮಾಯ!

ಬರೀ ವ್ಯಾಕರಣದ ಜಗಳ ಅಂದ್ಕೋಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರ್ಜಿ ತಿರಸ್ಕೃತವಾದವರನ್ನು ತೆರವು ಮಾಡಿ ಅಂತ ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 13ರಂದು ಹೇಳಿತು, 28ರಂದು ಆ ಆದೇಶಕ್ಕೆ ತಾನೇ ತಡೆ ಕೊಟ್ಟಿತು. ಆಮೇಲೆ ಎಲ್ಲೆಲ್ಲೂ ‘ಮರುಪರಿಶೀಲನೆ’ಯದೇ ಮಾತು. ಉತ್ತರ ಕನ್ನಡದ ಸಾವಿರಾರು ಮನೆಗಳು ಈ ಒಂದು ಪದದ ಮೇಲೆ ನಿಂತಿವೆ.

ನಮ್ಮ ಕಾಡಂಚಿನ ಗೌಳಿಗರನ್ನೇ ತಗೊಳ್ಳಿ. ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, ಗೌಳಿಗರು ಸೇರಲಿಲ್ಲ. ಹಾಗಾಗಿ ಇವರು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದ್ರೆ 75 ವರ್ಷ, ಸಾಬೀತು ಮಾಡಬೇಕು. ಎಮ್ಮೆ ಕಾಯ್ಕೊಂಡಿದ್ದವರು 1930ರ ಕಾಗದ ಎಲ್ಲಿಂದ ತರ್ತಾರೆ? ಕಾಯ್ದೆಯ ನಿಯಮಗಳಿಗೇ ಇದು ಗೊತ್ತು. ಹಿರಿಯರ ಹೇಳಿಕೆ, ಹಳೇ ಬಾವಿ, ಸ್ಮಶಾನ, ಕಟ್ಟಿದ ಬದು, ಎಲ್ಲವೂ ಪುರಾವೆಯೇ. ಉಪಗ್ರಹ ಚಿತ್ರ ಇವಕ್ಕೆ ಪೂರಕ ಆಗಬಹುದು, ಬದಲಿ ಅಲ್ಲ ಅಂತ 2012ರ ತಿದ್ದುಪಡಿಯೇ ಹೇಳುತ್ತೆ. ಆದರೆ ಬಾವಿ ಕಾಣಬೇಕಂದ್ರೆ ಬಾವಿ ಹತ್ರ ಹೋಗ್ಬೇಕಲ್ಲ ಸ್ವಾಮಿ!

ನಾವು ಸಾಫ್ಟ್‌ವೇರ್‌ನವರಿಗೆ ಇದು ಬೇಗ ಅರ್ಥವಾಗುತ್ತೆ. ಅದೇ ಇನ್‌ಪುಟ್ ಕೊಟ್ಟು ಅದೇ ಪ್ರೋಗ್ರಾಂ ಓಡಿಸಿದ್ರೆ ಅದೇ ಉತ್ತರ ಬರುತ್ತೆ. ಅದೇ ಫೈಲನ್ನು ಅದೇ ಮೇಜಿನ ಮೇಲೆ ಮತ್ತೆ ಬಿಚ್ಚಿದ್ರೂ ಅಷ್ಟೇ. ಅದು ರೀರನ್, ರಿವ್ಯೂ ಅಲ್ಲ.

‘ಹಾಗಾದ್ರೆ ಒತ್ತುವರಿಯನ್ನೆಲ್ಲ ಸಕ್ರಮ ಮಾಡ್ಬೇಕಾ?’ ಅಂತ ಕೇಳೋರಿದ್ದೀರಿ. ಹಾಗೆ ಯಾರಂದ್ರು? ಸುಳ್ಳು ಅರ್ಜಿ ಇದ್ರೆ ತಿರಸ್ಕರಿಸಲಿ. ಆದರೆ ನೋಡಿ ತಿರಸ್ಕರಿಸಲಿ, ಕಾರಣ ಬರೆದುಕೊಡಲಿ. ಮೇಲ್ಮನವಿಗೆ 60 ದಿನ ಇದೆ. ಕಾರಣವೇ ಗೊತ್ತಿಲ್ಲದವನು ಏನಂತ ಮನವಿ ಬರೀಬೇಕು?

ನನ್ನ ಬೇಡಿಕೆ ಸಣ್ಣದು. ‘ಮರುಪರಿಶೀಲಿಸಲಾಗಿದೆ’ ಹೊಡೆದುಹಾಕಿ, ‘ಇಂಥ ದಿನ ನಾನೇ ಹೋಗಿ ನೋಡಿದೆ’ ಅಂತ ಬರೆದು ಕೆಳಗೆ ಸಹಿ ಹಾಕಲಿ. ಹಾಗೆ ಬರೆಯೋಕೆ ಕೈ ನಡುಗಿದ್ರೆ, ಹೊಳ್ಳಿ ನೋಡಿಲ್ಲ ಅಂತಲೇ ಅರ್ಥ.

ಏನಂತೀರಿ?